ಪ್ರಶ್ನೆ ಅವನದು, ಉತ್ತರ ನಿಮ್ಮದು: ‘ಕ್ಯೂ’ ಎಂಬ ಒಗಟಿನ ಒಳಗುಟ್ಟು

ನಾನು ಸಾಫ್ಟ್‌ವೇರ್ ಇಂಜಿನಿಯರ್, ರಾಜಕೀಯ ವಿಶ್ಲೇಷಣೆ ನನ್ನ ಕಸುಬಲ್ಲ. ಇವತ್ತಿನ ವಿಷಯ ಹುಟ್ಟಿದ್ದು ಅಮೆರಿಕದ ರಾಜಕೀಯದಲ್ಲಿ. ಆದರೆ ನಾನು ಅದನ್ನು ಒಂದು ಸಿಸ್ಟಮ್ ಬಿಚ್ಚಿ ನೋಡುವ ಹಾಗೆ ನೋಡ್ತೀನಿ. ಅಲ್ಲಿ ಯಾರು ಗೆಲ್ಲಬೇಕಿತ್ತು, ಯಾರು ಸೋಲಬೇಕಿತ್ತು ಅನ್ನೋ ಚರ್ಚೆ ಇಲ್ಲಿ ಬೇಡ.

2017ರ ಅಕ್ಟೋಬರ್ 28. ಫೋರ್‌ಚಾನ್ ಅಂತ ಒಂದು ತಾಣ. ಅಲ್ಲಿ ಖಾತೆ ಬೇಡ, ಹೆಸರು ಬೇಡ; ಯಾರು ಬೇಕಾದರೂ ಬರೆಯಬಹುದು, ಬರೆದದ್ದು ಸ್ವಲ್ಪ ಹೊತ್ತಿಗೆ ಅಳಿಸಿಹೋಗುತ್ತೆ. ಅವತ್ತು ಅಲ್ಲೊಬ್ಬರು ಬರೆದರು: ಹಿಲರಿ ಕ್ಲಿಂಟನ್ ಅವರನ್ನು ಅಕ್ಟೋಬರ್ 30ರ ಸೋಮವಾರ ಬೆಳಿಗ್ಗೆ 7:45ರಿಂದ 8:30ರ ಒಳಗೆ ಬಂಧಿಸಲಾಗುತ್ತದೆ ಅಂತ. ದಿನ ಹೇಳಿದರು, ಗಂಟೆ ಹೇಳಿದರು. ಮುಂದೆ ಕೆಲವೇ ದಿನಗಳಲ್ಲಿ ‘ಕ್ಯೂ’ ಅನ್ನೋ ಒಂದೇ ಅಕ್ಷರದ ಸಹಿ ಬಂತು. ಅಮೆರಿಕದ ಇಂಧನ ಇಲಾಖೆಯಲ್ಲಿ ಅಣ್ವಸ್ತ್ರದಂಥ ಅತಿ ಗುಟ್ಟಿನ ಮಾಹಿತಿ ನೋಡಲು ಕೊಡುವ ಅನುಮತಿಗೆ ‘ಕ್ಯೂ ಕ್ಲಿಯರೆನ್ಸ್’ ಅಂತಾರೆ. ಅಂದರೆ ‘ನಾನು ಒಳಗಿನವನು, ನನಗೆ ಎಲ್ಲಾ ಗೊತ್ತು’ ಅಂತ ಆ ಒಂದಕ್ಷರ ಹೇಳ್ತಿತ್ತು.

ಅಕ್ಟೋಬರ್ 30 ಬಂತು. ಕ್ಲಿಂಟನ್ ಬಂಧನ ಆಗಲಿಲ್ಲ, ಇವತ್ತಿಗೂ ಆಗಿಲ್ಲ. ತಮಾಷೆ ಅಂದರೆ, ಅದೇ ಸೋಮವಾರ ಬೆಳಿಗ್ಗೆ ಎಫ್‌ಬಿಐಗೆ ಶರಣಾದವರು ಟ್ರಂಪ್ ಅವರ ಪ್ರಚಾರದ ಮುಖ್ಯಸ್ಥರಾಗಿದ್ದ ಪಾಲ್ ಮ್ಯಾನಫೋರ್ಟ್! ಭವಿಷ್ಯ ಹೇಳುವವರಿಗೆ ಇದಕ್ಕಿಂತ ದೊಡ್ಡ ಮುಖಭಂಗ ಇದೆಯಾ? ಕಥೆ ಅಲ್ಲೇ ಮುಗಿಯಬೇಕಿತ್ತು. ಮುಗಿಯಲಿಲ್ಲ. ಮೂರು ವರ್ಷದಲ್ಲಿ ಈ ‘ಕ್ಯೂ’ ಸುಮಾರು 5 ಸಾವಿರ ಪೋಸ್ಟ್ ಹಾಕಿದರು. ಲಕ್ಷಾಂತರ ಜನ ಅದನ್ನು ಬಿಡಿಸುತ್ತಾ ಕೂತರು. ಮಕ್ಕಳನ್ನು ಹಿಂಸಿಸುವ ದೊಡ್ಡ ಮನುಷ್ಯರ ಗುಪ್ತಕೂಟ ಒಂದಿದೆ, ಟ್ರಂಪ್ ಅದರ ವಿರುದ್ಧ ಗುಟ್ಟಾಗಿ ಹೋರಾಡ್ತಿದಾರೆ, ಒಂದು ದಿನ ‘ಬಿರುಗಾಳಿ’ ಏಳುತ್ತೆ, ಎಲ್ಲರೂ ಜೈಲಿಗೆ ಹೋಗ್ತಾರೆ ಅನ್ನೋದು ಆ ನಂಬಿಕೆ. ಇದಕ್ಕೇ ‘ಕ್ಯೂಅನಾನ್’ ಅಂತ ಹೆಸರು ಬಂತು.

ಮೊದಲ ಮಾತೇ ಸುಳ್ಳಾದ ಮೇಲೂ ಇದು ಬೆಳೆದದ್ದು ಹೇಗೆ? ನನ್ನ ಕುತೂಹಲ ಇರೋದು ಇಲ್ಲಿ.

ಮೊದಲು ಗುರುತಿನ ವಿಷಯ ನೋಡೋಣ. ಹೆಸರೇ ಇಲ್ಲದ ತಾಣದಲ್ಲಿ ನಿನ್ನೆ ಬರೆದವರೇ ಇವತ್ತೂ ಬರೆದರು ಅಂತ ಹೇಗೆ ಗೊತ್ತಾಗುತ್ತೆ? ಅದಕ್ಕೆ ಟ್ರಿಪ್‌ಕೋಡ್ ಅಂತ ಒಂದು ವ್ಯವಸ್ಥೆ ಇದೆ. ಹೆಸರಿನ ಜಾಗದಲ್ಲಿ ಹ್ಯಾಷ್ ಚಿಹ್ನೆ ಹಾಕಿ ಒಂದು ಪಾಸ್‌ವರ್ಡ್ ಬರೆದರೆ, ಸರ್ವರ್ ಅದನ್ನು ಅರೆದು ಹತ್ತು ಅಕ್ಷರದ ಒಂದು ಗುರುತು ಮಾಡಿ ತೋರಿಸುತ್ತೆ. ಅದೇ ಪಾಸ್‌ವರ್ಡ್ ಹಾಕಿದರೆ ಅದೇ ಗುರುತು. ಫೋರ್‌ಚಾನ್‌ನ ಹಳೆಯ ಟ್ರಿಪ್‌ಕೋಡ್ ನಿಂತಿದ್ದು ಯುನಿಕ್ಸ್ ಕಾಲದ ಡಿಇಎಸ್ ವಿಧಾನದ ಮೇಲೆ. ಅದು ಪಾಸ್‌ವರ್ಡಿನ ಮೊದಲ ಎಂಟು ಅಕ್ಷರ ಮಾತ್ರ ನೋಡುತ್ತೆ. ಇವತ್ತಿನ ಕಂಪ್ಯೂಟರಿಗೆ ಅದನ್ನು ಒಡೆಯೋದು ಕಷ್ಟದ ಕೆಲಸ ಅಲ್ಲ. ಕ್ಯೂ ಬಳಸಿದ ಪಾಸ್‌ವರ್ಡುಗಳನ್ನು ಜನ ಒಡೆದೂ ಒಡೆದರು, ಟ್ರಿಪ್‌ಕೋಡ್ ಹಲವು ಸಲ ಬದಲಾಯಿತು. ಮೊಟ್ಟಮೊದಲ ಪೋಸ್ಟುಗಳಿಗಂತೂ ಟ್ರಿಪ್‌ಕೋಡೇ ಇರಲಿಲ್ಲ.

ಇಲ್ಲಿ ಇಂಜಿನಿಯರ್ ಆಗಿ ಒಂದು ಮಾತು ಹೇಳಬೇಕು. ಒಡೆಯಲಾಗದ ಪಾಸ್‌ವರ್ಡ್ ಅಂತಲೇ ಇಟ್ಟುಕೊಳ್ಳಿ. ಆಗಲೂ ಟ್ರಿಪ್‌ಕೋಡ್ ಹೇಳೋದು ‘ನಿನ್ನೆ ಈ ಪಾಸ್‌ವರ್ಡ್ ಹಾಕಿದವರೇ ಇವತ್ತೂ ಹಾಕಿದಾರೆ’ ಅಂತ ಮಾತ್ರ. ಹಾಕಿದವರು ಶ್ವೇತಭವನದಲ್ಲಿ ಕೂತಿದಾರೋ, ಮನೆಯ ಮೂಲೆಯಲ್ಲಿ ಕೂತಿದಾರೋ ಅದಕ್ಕೆ ಗೊತ್ತಿಲ್ಲ. ಬ್ಯಾಂಕಿನಿಂದ ಓಟಿಪಿ ಬರುತ್ತೆ ಅಂದರೆ ಅದರ ಹಿಂದೆ ಆಧಾರ್, ಪ್ಯಾನ್, ನಿಮ್ಮ ಸಹಿ ಎಲ್ಲಾ ಇರುತ್ತೆ. ಇಲ್ಲಿ ಹಿಂದೆ ಏನೂ ಇಲ್ಲ. 2022ರ ಫೆಬ್ರವರಿಯಲ್ಲಿ ಎರಡು ಸಂಶೋಧಕ ತಂಡಗಳು ಬರವಣಿಗೆಯ ಶೈಲಿಯನ್ನು ಕಂಪ್ಯೂಟರಿನಲ್ಲಿ ಹೋಲಿಸಿ, ಕ್ಯೂ ಹಿಂದೆ ಇಬ್ಬರು ಇರಬಹುದು ಅಂತ ಹೇಳಿದವು. ಒಬ್ಬರು ಮೊದಲ ದಿನಗಳಿಂದಲೇ ಈ ಚರ್ಚೆಯನ್ನು ಬೆಳೆಸಿದವರು, ಇನ್ನೊಬ್ಬರು ಆಮೇಲೆ ಕ್ಯೂ ಬರೆಯಲು ಹೋದ ತಾಣವನ್ನು ನಡೆಸುತ್ತಿದ್ದವರು. ಇಬ್ಬರೂ ಅದನ್ನು ನಿರಾಕರಿಸಿದಾರೆ.

ಒಳಗಿನವನು ಅಂತ ಹೇಳಿಕೊಂಡು ಬಂದವರಲ್ಲಿ ಕ್ಯೂ ಮೊದಲಿಗರೂ ಅಲ್ಲ. 2016ರಲ್ಲೇ ಎಫ್‌ಬಿಐಅನಾನ್ ಅಂತ ಒಬ್ಬರು ಬಂದಿದ್ದರು, ಸಿಐಎ ಹೆಸರಿನಲ್ಲೂ ಬಂದಿದ್ದರು. ಅವರು ಜನ ಕೇಳಿದ್ದಕ್ಕೆ ಉತ್ತರ ಕೊಡುತ್ತಿದ್ದರು. ಉತ್ತರ ಕೊಟ್ಟವರು ಒಂದಲ್ಲ ಒಂದು ದಿನ ಸಿಕ್ಕಿಬೀಳ್ತಾರೆ. ಕ್ಯೂ ಕೂಡ ಮೊದಲ ದಿನ ತಾರೀಖು ಹೇಳಿ ಸಿಕ್ಕಿಬಿದ್ದರು. ಆಮೇಲೆ ಬರಹದ ಧಾಟಿ ಬದಲಾಯಿತು. ಹೇಳಿಕೆ ಕಡಿಮೆ, ಪ್ರಶ್ನೆ ಜಾಸ್ತಿ. ‘ಅವರು ಅಲ್ಲಿಗೆ ಯಾಕೆ ಹೋದರು? ಜೊತೆಗೆ ಯಾರಿದ್ದರು? ಹಣ ಎಲ್ಲಿಂದ ಬಂತು?’ ಈ ರೀತಿಯ ಸಾಲುಗಳು. ನಮ್ಮ ಕಡೆ ಇದಕ್ಕೆ ಅಡ್ಡಗೋಡೆ ಮೇಲೆ ದೀಪ ಇಡೋದು ಅಂತಾರೆ. ಈ ಕಡೆಗೂ ಬೆಳಕು, ಆ ಕಡೆಗೂ ಬೆಳಕು. ಪ್ರಶ್ನೆ ಕೇಳಿದವರನ್ನು ಸುಳ್ಳುಗಾರ ಅನ್ನೋಕೆ ಬರಲ್ಲ, ಯಾಕಂದರೆ ಅವರು ಏನನ್ನೂ ಹೇಳಿಯೇ ಇಲ್ಲ.

ಹಾಗಾದರೆ ಹೇಳಿದವರು ಯಾರು? ಓದಿದವರು! ಕ್ಯೂ ಹಾಕಿದ ಸಾಲುಗಳಿಗೆ ಅನುಯಾಯಿಗಳು ಬ್ರೆಡ್ಡಿನ ತುಣುಕು ಅಂತ ಹೆಸರಿಟ್ಟರು. ತುಣುಕು ಸೇರಿಸಿ ಅರ್ಥ ಕಟ್ಟುವವರು ಬೇಕರ್‌ಗಳು. ರಾತ್ರಿಯೆಲ್ಲಾ ಕೂತು, ಹಳೆಯ ಫೋಟೋ ತೆಗೆದು, ವಿಮಾನಗಳ ಓಡಾಟದ ದಾಖಲೆ ನೋಡಿ, ಕಂಪನಿಗಳ ಹೆಸರು ಹುಡುಕಿ ಅವರು ಬ್ರೆಡ್ ಬೇಯಿಸುತ್ತಿದ್ದರು. ಅದನ್ನು ಯೂಟ್ಯೂಬಿನಲ್ಲಿ ವಿವರಿಸುವವರು ಬೇರೆ. ಹೀಗೆ ಸಿಕ್ಕ ಉತ್ತರವನ್ನು ಯಾರೋ ತಲೆಗೆ ತುಂಬಿದ್ದಲ್ಲ. ‘ನಾನೇ ಹುಡುಕಿದೆ, ನಾನೇ ಕಂಡುಹಿಡಿದೆ.’ ಬೇರೆಯವರು ಹೇಳಿದ್ದನ್ನು ಬಿಟ್ಟುಕೊಡೋದು ಸುಲಭ. ನಾವೇ ಮೂರು ರಾತ್ರಿ ನಿದ್ದೆಗೆಟ್ಟು ಕಂಡುಹಿಡಿದದ್ದನ್ನು ಬಿಡೋದಿದೆಯಲ್ಲ, ಅದು ಬಹಳ ಕಷ್ಟ. ಮಾತು ಸುಳ್ಳಾದ ಮೇಲೂ ಕ್ಯೂ ಉಳಿದದ್ದಕ್ಕೆ ನನಗೆ ಕಾಣೋ ಮುಖ್ಯ ಕಾರಣ ಇದು.

ಈ ಜನ ದಡ್ಡರು ಅಂತ ನಕ್ಕು ಮುಂದೆ ಹೋಗಬೇಡಿ. ಅವರು ಮಾಡಿದ ಕೆಲಸಕ್ಕೂ ನಮ್ಮಂಥವರು ಆಫೀಸಿನಲ್ಲಿ ಮಾಡೋ ಕೆಲಸಕ್ಕೂ ಹೋಲಿಕೆ ಇದೆ. ರಾತ್ರಿ ಎರಡು ಗಂಟೆಗೆ ಸರ್ವರ್ ಬಿದ್ದರೆ ನಾವೂ ಲಾಗ್ ತೆಗೆದು ಕೂರ್ತೀವಿ. ಈ ಸಾಲಿಗೂ ಆ ಸಾಲಿಗೂ ಏನು ಸಂಬಂಧ, ಈ ಟೈಮ್‌ಸ್ಟ್ಯಾಂಪಿಗೂ ಆ ಟೈಮ್‌ಸ್ಟ್ಯಾಂಪಿಗೂ ಏನು ಅಂತರ ಅಂತ ಹುಡುಕ್ತೀವಿ. ಚುಕ್ಕಿ ಚುಕ್ಕಿ ಸೇರಿ ಚಿತ್ರ ಕಂಡಾಗ ಆಗೋ ಖುಷಿ ಇಬ್ಬರಿಗೂ ಒಂದೇ. ವ್ಯತ್ಯಾಸ ಇರೋದು ಆಮೇಲಿನ ಹೆಜ್ಜೆಯಲ್ಲಿ. ನಾವು ‘ಇದೇ ಕಾರಣ’ ಅಂತ ಕೋಡ್ ತಿದ್ದಿ ಮತ್ತೆ ಓಡಿಸಬೇಕು. ತಪ್ಪಿದ್ದರೆ ಸರ್ವರ್ ಮತ್ತೆ ಬೀಳುತ್ತೆ. ಮೆಷೀನಿಗೆ ನಮ್ಮ ಡಿಗ್ರಿ, ಅನುಭವ, ಆತ್ಮವಿಶ್ವಾಸ ಯಾವುದೂ ಕಾಣಲ್ಲ, ‘ಇಲ್ಲ’ ಅಂತ ಮುಖಕ್ಕೆ ಹೇಳುತ್ತೆ. ಕ್ಯೂ ಬಿಡಿಸುವವರಿಗೆ ‘ಇಲ್ಲ’ ಅನ್ನುವ ಯಂತ್ರವೇ ಇರಲಿಲ್ಲ. ಸುಳ್ಳಾದ ಮಾತಿಗೂ ಉತ್ತರ ಮೊದಲೇ ತಯಾರಿತ್ತು: ಶತ್ರುವಿನ ದಾರಿ ತಪ್ಪಿಸಲು ಸುಳ್ಳು ಸುದ್ದಿಯೂ ಬೇಕು ಅಂತ ಕ್ಯೂ ಹೇಳಿಟ್ಟಿದ್ದರು. ನಿಜವಾದರೆ ಕ್ಯೂ ಸರಿ, ಸುಳ್ಳಾದರೂ ಕ್ಯೂ ಸರಿ.

ಹಾಗಂತ ಸಂಕೇತ ಬಿಡಿಸೋದೇ ತಪ್ಪು ಅಂತಲ್ಲ. ನಮ್ಮಲ್ಲಿ ಕಟಪಯಾದಿ ಇದೆ. ಸಂಗೀತ ಕಲಿತವರಿಗೆ ಗೊತ್ತು, 72 ಮೇಳಕರ್ತ ರಾಗಗಳ ಹೆಸರಿನಲ್ಲೇ ಅದರ ಸಂಖ್ಯೆ ಅಡಗಿದೆ. ಮೇಚಕಲ್ಯಾಣಿ ತಗೊಳ್ಳಿ. ಪ, ಫ, ಬ, ಭ, ಮ ಅಂತ ಎಣಿಸಿದರೆ ‘ಮ’ ಐದು. ಕ, ಖ, ಗ, ಘ, ಙ, ಚ ಅಂತ ಎಣಿಸಿದರೆ ‘ಚ’ ಆರು. ಐದು, ಆರು, ಬಲದಿಂದ ಎಡಕ್ಕೆ ಓದಿದರೆ 65. ಮೇಚಕಲ್ಯಾಣಿ 65ನೇ ಮೇಳ. ನೀವು ಧಾರವಾಡದಲ್ಲಿ ಕೂತು ಬಿಡಿಸಿ, ಚೆನ್ನೈನಲ್ಲಿ ಕೂತು ಬಿಡಿಸಿ, 65ೇ ಬರುತ್ತೆ. ಯಾಕಂದರೆ ಕೀಲಿ ಮೊದಲೇ ನಿಗದಿಯಾಗಿದೆ, ಎಲ್ಲರಿಗೂ ಒಂದೇ. ಕ್ಯೂ ಪೋಸ್ಟುಗಳಿಗೆ ಜನ ಅಕ್ಷರಕ್ಕೆ ಅಂಕಿ ಕೊಟ್ಟು ಲೆಕ್ಕ ಹಾಕುವಾಗ ಕೀಲಿ ಆಮೇಲೆ ಬರ್ತಿತ್ತು. ಒಂದು ಕೋಷ್ಟಕದಲ್ಲಿ ಬೇಕಾದ ಸಂಖ್ಯೆ ಸಿಗದಿದ್ದರೆ ಇನ್ನೊಂದು ಕೋಷ್ಟಕ. ಅದೂ ಆಗದಿದ್ದರೆ ಒಂದು ಪದ ಸೇರಿಸು, ಇಲ್ಲಾ ಬಿಡು. ಬೀಗ ನೋಡಿಕೊಂಡು ಕೀಲಿ ಅರೆದರೆ ಯಾವ ಬೀಗ ತಾನೇ ತೆರೆಯಲ್ಲ?

ಇದನ್ನು ಪ್ರಯೋಗ ಮಾಡಿ ತೋರಿಸಿದವರಿದ್ದಾರೆ. 1997ರಲ್ಲಿ ಮೈಕಲ್ ಡ್ರಾಸ್ನಿನ್ ಅನ್ನುವ ಪತ್ರಕರ್ತರು ‘ದಿ ಬೈಬಲ್ ಕೋಡ್’ ಅಂತ ಪುಸ್ತಕ ಬರೆದರು. ಹೀಬ್ರೂ ಬೈಬಲಿನಲ್ಲಿ ಇಷ್ಟಿಷ್ಟು ಅಕ್ಷರ ಹಾರಿಸಿ ಓದಿದರೆ ಇಸ್ರೇಲಿನ ಪ್ರಧಾನಿ ರಾಬಿನ್ ಹತ್ಯೆ ಮೊದಲೇ ಬರೆದಿದೆ ಅಂತ ಅವರ ವಾದ. ಟೀಕಿಸಿದವರಿಗೆ, ‘ಮೋಬಿ ಡಿಕ್’ ಕಾದಂಬರಿಯಲ್ಲಿ ಒಬ್ಬ ಪ್ರಧಾನಿಯ ಹತ್ಯೆಯ ಸಂದೇಶ ಹುಡುಕಿ ತೋರಿಸಿ, ಆಗ ನಂಬ್ತೀನಿ ಅಂತ ಸವಾಲು ಹಾಕಿದರು. ಆಸ್ಟ್ರೇಲಿಯಾದ ಗಣಿತಜ್ಞ ಬ್ರೆಂಡನ್ ಮೆಕೇ ಅದೇ ವಿಧಾನದಲ್ಲಿ ಹುಡುಕಿ ಕೊಟ್ಟರು. ಅವರಿಗೆ ಸಿಕ್ಕ ಹತ್ಯೆಗಳ ಪಟ್ಟಿಯಲ್ಲಿ ನಮ್ಮ ಇಂದಿರಾ ಗಾಂಧಿ ಅವರದ್ದೂ ಇದೆ. ತಿಮಿಂಗಿಲದ ಬೇಟೆಯ ಬಗ್ಗೆ 1851ರಲ್ಲಿ ಬಂದ ಕಾದಂಬರಿಗೆ ದೆಹಲಿಯ ಸಫ್ದರ್‌ಜಂಗ್ ರಸ್ತೆಯಲ್ಲಿ 1984ರಲ್ಲಿ ಆದದ್ದು ಗೊತ್ತಿತ್ತಾ? ಸಾಕಷ್ಟು ಅಕ್ಷರ, ಸಾಕಷ್ಟು ಸ್ವಾತಂತ್ರ್ಯ ಇದ್ದರೆ ಏನು ಬೇಕಾದರೂ ಸಿಗುತ್ತೆ, ಅಷ್ಟೇ.

ಈಗ ಅವರ ಅತಿ ದೊಡ್ಡ ಸಾಕ್ಷಿಗೆ ಬರೋಣ. ಅದಕ್ಕೆ ಅವರು ‘ಡೆಲ್ಟಾ’ ಅಂತಾರೆ. ಕ್ಯೂ ಒಂದು ಪೋಸ್ಟ್ ಹಾಕಿದ ಒಂದೇ ನಿಮಿಷಕ್ಕೆ ಟ್ರಂಪ್ ಟ್ವೀಟ್ ಬಂತು, ಇದು ಹೇಗೆ ಸಾಧ್ಯ ಅಂತ. ಪೆನ್ನು ತಗೊಂಡು ಒಂದು ಅಂದಾಜು ಲೆಕ್ಕ ಹಾಕೋಣ. ಇಬ್ಬರು ವ್ಯಕ್ತಿಗಳು. ಒಬ್ಬರು ದಿನಕ್ಕೆ ಹತ್ತು ಸಲ ಬರೀತಾರೆ, ಇನ್ನೊಬ್ಬರು ಐದು ಸಲ. ಇಬ್ಬರೂ ಎಚ್ಚರ ಇರೋದು 16 ಗಂಟೆ, ಅಂದರೆ 960 ನಿಮಿಷ. ಒಟ್ಟು ಜೋಡಿಗಳು ಹತ್ತು ಇಂಟು ಐದು, 50. ಒಂದು ಜೋಡಿ ಹಿಂದೆ ಮುಂದೆ ಒಂದು ನಿಮಿಷದ ಒಳಗೆ ಬೀಳೋ ಸಾಧ್ಯತೆ ಸುಮಾರು 960ರಲ್ಲಿ 2. ಐವತ್ತು ಜೋಡಿಗೆ ಅದು ದಿನಕ್ಕೆ ಹೆಚ್ಚುಕಡಿಮೆ 0.1. ಅಂದರೆ ಹತ್ತು ದಿನಕ್ಕೊಂದು ‘ಪವಾಡ’, ಮೂರು ವರ್ಷದಲ್ಲಿ ನೂರಕ್ಕೂ ಹೆಚ್ಚು! ಇಬ್ಬರಿಗೂ ಪರಿಚಯವೇ ಇರಬೇಕಾಗಿಲ್ಲ. ಮೇಲೆ ಐದು ನಿಮಿಷದ ಅಂತರಕ್ಕೂ ಅರ್ಥ ಇದೆ, ಹತ್ತಕ್ಕೂ ಇದೆ, ಹದಿನೇಳಕ್ಕಂತೂ ಇದ್ದೇ ಇದೆ ಅಂದರೆ ದಿನಾ ಹಬ್ಬ.

ಹದಿನೇಳು ಯಾಕೆ ಅಂದರೆ ಇಂಗ್ಲಿಷ್ ವರ್ಣಮಾಲೆಯಲ್ಲಿ ಕ್ಯೂ 17ನೇ ಅಕ್ಷರ. 2018ರ ಏಪ್ರಿಲ್‌ನಲ್ಲಿ ಅಲಬಾಮಾ ವಿಶ್ವವಿದ್ಯಾಲಯದ ಫುಟ್‌ಬಾಲ್ ತಂಡ ಶ್ವೇತಭವನಕ್ಕೆ ಬಂದು ಟ್ರಂಪ್‌ಗೆ 17 ನಂಬರಿನ ಜೆರ್ಸಿ ಕೊಟ್ಟಿತು. ‘ನೋಡಿ, ಸಂಕೇತ!’ ಅಂದರು. ಆ ತಂಡ ಗೆದ್ದಿದ್ದು 2017ರ ಸೀಸನ್.

ನಮ್ಮ ಭಾಷೆಯಲ್ಲಿ ಇದಕ್ಕೆ ಎಂಥ ಒಳ್ಳೆ ಪದ ಇದೆ ನೋಡಿ, ಕಾಕತಾಳೀಯ. ಕಾಗೆ ತಾಳೆಮರದ ಮೇಲೆ ಕೂತಿತು, ಅದೇ ಹೊತ್ತಿಗೆ ಹಣ್ಣು ಬಿತ್ತು. ಕಾಗೆಯ ಭಾರಕ್ಕೆ ಹಣ್ಣು ಬೀಳಲಿಲ್ಲ. ಆದರೆ ಕಾಗೆ ಕೂತು ಹಣ್ಣು ಬೀಳದ ಸಾವಿರ ಸಲವನ್ನು ಯಾರೂ ಬರೆದಿಡಲ್ಲ. ಬಿದ್ದ ಒಂದು ಸಲದ ಸ್ಕ್ರೀನ್‌ಶಾಟ್ ಮಾತ್ರ ಊರೆಲ್ಲಾ ಓಡಾಡುತ್ತೆ.

ಇಷ್ಟೇ ಆಗಿದ್ದರೆ ಇದು ಪದಬಂಧ ಬಿಡಿಸೋ ಹವ್ಯಾಸ ಅಂತ ಬಿಡಬಹುದಿತ್ತು. ಆದರೆ ಬಿಡಿಸಿದ ಒಗಟು ಪರದೆಯಿಂದ ಬೀದಿಗೆ ಇಳಿಯುತ್ತೆ. ಕ್ಯೂ ಬರುವ ಮೊದಲೇ, 2016ರಲ್ಲಿ, ಕದ್ದು ಪ್ರಕಟಿಸಿದ ಒಬ್ಬ ರಾಜಕಾರಣಿಯ ಇಮೇಲುಗಳಲ್ಲಿ ‘ಪಿಜ್ಜಾ’ ಅನ್ನೋ ಪದಕ್ಕೆ ಬೇರೆ ಅರ್ಥ ಇದೆ ಅಂತ ಜನ ಬಿಡಿಸಿದರು. ವಾಷಿಂಗ್ಟನ್‌ನ ಕಾಮೆಟ್ ಪಿಂಗ್ ಪಾಂಗ್ ಅನ್ನುವ ಪಿಜ್ಜಾ ಹೋಟೆಲಿನ ನೆಲಮಾಳಿಗೆಯಲ್ಲಿ ಮಕ್ಕಳನ್ನು ಕೂಡಿಹಾಕಿದಾರೆ ಅಂದರು. ಡಿಸೆಂಬರ್ 4ರಂದು ಒಬ್ಬ ವ್ಯಕ್ತಿ ನಾರ್ತ್ ಕ್ಯಾರೊಲಿನಾದಿಂದ ಕಾರಿನಲ್ಲಿ ಬಂದು, ರೈಫಲ್ ಹಿಡಿದು ಒಳಗೆ ನುಗ್ಗಿ ಗುಂಡು ಹಾರಿಸಿದ. ಮಕ್ಕಳು ಇರಲಿಲ್ಲ. ಆ ಕಟ್ಟಡಕ್ಕೆ ನೆಲಮಾಳಿಗೆಯೇ ಇರಲಿಲ್ಲ. ಅವನಿಗೆ ನಾಲ್ಕು ವರ್ಷ ಜೈಲಾಯಿತು. ಅವನು ಮಕ್ಕಳನ್ನು ಬಿಡಿಸೋಕೆ ಅಂತಲೇ ಹೋಗಿದ್ದ, ಅದನ್ನು ಮರೀಬಾರದು.

2020ರ ಜುಲೈನಲ್ಲಿ ವೇಫೇರ್ ಅನ್ನೋ ಪೀಠೋಪಕರಣ ಕಂಪನಿಯ ಸರದಿ. ಕಪಾಟಿಗೆ ಹತ್ತು ಸಾವಿರ ಡಾಲರಿಗೂ ಹೆಚ್ಚು ಬೆಲೆ, ಹೆಸರು ನೋಡಿದರೆ ಹುಡುಗಿಯರದ್ದು. ಕಾಣೆಯಾದ ಹುಡುಗಿಯರನ್ನು ಕಪಾಟಿನ ಹೆಸರಿನಲ್ಲಿ ಮಾರ್ತಿದಾರೆ ಅಂತ ಬಿಡಿಸಿದರು. ಅವು ಕಾರ್ಖಾನೆಗಳಿಗೆ ಮಾರುವ ದೊಡ್ಡ ಕಪಾಟುಗಳು, ಹೆಸರಿಟ್ಟದ್ದು ಒಂದು ಅಲ್ಗಾರಿದಮ್. ಕಾಣೆಯಾಗಿದ್ದಾಳೆ ಅಂತ ಹೆಸರು ಕೇಳಿಬಂದವರಲ್ಲಿ ಒಬ್ಬಳು ತಾನೇ ಲೈವ್ ಬಂದು ‘ನಾನು ಮನೆಯಲ್ಲೇ ಇದೀನಿ’ ಅಂತ ಹೇಳಬೇಕಾಯಿತು. ಮಾನವ ಕಳ್ಳಸಾಗಣೆಯ ಸಹಾಯವಾಣಿಗೆ ಇದೇ ಕಥೆ ಹೇಳುವ ಕರೆಗಳು ಎಷ್ಟು ಬಂದವು ಅಂದರೆ, ನಿಜವಾಗಿ ಕಷ್ಟದಲ್ಲಿದ್ದವರಿಗೆ ಸಹಾಯ ಮಾಡೋದೇ ಕಷ್ಟ ಆಗ್ತಿದೆ ಅಂತ ಅದನ್ನು ನಡೆಸುವ ಸಂಸ್ಥೆ ಹೇಳಿತು. ಮಕ್ಕಳನ್ನು ಉಳಿಸುವ ಹೆಸರಿನಲ್ಲಿ ಮಕ್ಕಳ ದಾರಿಗೇ ಅಡ್ಡ ನಿಂತ ಹಾಗಾಯಿತು. 2021ರ ಜನವರಿ 6ರಂದು ಅಮೆರಿಕದ ಸಂಸತ್ ಭವನಕ್ಕೆ ನುಗ್ಗಿದ ಗುಂಪಿನಲ್ಲಿ ಕ್ಯೂ ಬಾವುಟ, ಕ್ಯೂ ಅಂಗಿ ಇದ್ದದ್ದನ್ನು ನಾವೆಲ್ಲ ಟಿವಿಯಲ್ಲಿ ನೋಡಿದೀವಿ. ಜನವರಿ 20ಕ್ಕೆ ಬೈಡನ್ ಪ್ರಮಾಣವಚನದ ಹೊತ್ತಿಗೆ ಎಲ್ಲರ ಬಂಧನ ಆಗುತ್ತೆ ಅಂತ ಕಾದರು. ಆಗಲಿಲ್ಲ. ಕೆಲವರು ಮಾರ್ಚ್ 4 ಅಂದರು. ಅದೂ ಆಗಲಿಲ್ಲ.

‘ಅದು ಅಮೆರಿಕದ ಹುಚ್ಚು, ನಮಗೇನು’ ಅನ್ನಬೇಡಿ. 2016ರ ನವೆಂಬರ್‌ನಲ್ಲಿ 2000 ರೂಪಾಯಿ ನೋಟಿನಲ್ಲಿ ನ್ಯಾನೊ ಚಿಪ್ ಇದೆ ಅನ್ನೋ ‘ಒಳಗಿನ ಸುದ್ದಿ’ ಎಲ್ಲರ ಮೊಬೈಲಿಗೂ ಬಂದಿತ್ತು. ಅದಕ್ಕೆ ನಕ್ಕು ಸುಮ್ಮನಾದೆವು. 2018ರಲ್ಲಿ ಬಂದದ್ದು ಮಕ್ಕಳ ಕಳ್ಳರ ಸುದ್ದಿ. ಜೊತೆಗೆ ಒಂದು ವಿಡಿಯೋ, ಬೈಕಿನಲ್ಲಿ ಬಂದವರು ಮಗುವನ್ನು ಎತ್ತಿಕೊಂಡು ಹೋಗೋದು. ಅದು ಕರಾಚಿಯಲ್ಲಿ ಮಕ್ಕಳ ಸುರಕ್ಷತೆಯ ಜಾಗೃತಿಗಾಗಿ ಮಾಡಿದ ಚಿತ್ರ. ಕೊನೆಯಲ್ಲಿ ಮಗುವನ್ನು ವಾಪಸ್ ತಂದುಬಿಡುವ ಭಾಗವನ್ನು ಯಾರೋ ಕತ್ತರಿಸಿದ್ದರು. ಆ ಜುಲೈನಲ್ಲಿ ಹೈದರಾಬಾದಿನಿಂದ ಬೀದರ್ ಜಿಲ್ಲೆಗೆ ಹೋಗಿದ್ದ ಗೆಳೆಯರ ಗುಂಪೊಂದು ದಾರಿಯಲ್ಲಿ ಮಕ್ಕಳಿಗೆ ಚಾಕೊಲೇಟ್ ಕೊಟ್ಟಿತು. ಜನರಿಗೆ ಅದೇ ‘ಸುಳಿವು’ ಆಯಿತು. ವಾಟ್ಸ್ಯಾಪಿನಲ್ಲಿ ಸುದ್ದಿ ಕಾರಿಗಿಂತ ಮುಂದೆ ಓಡಿ ಮುರ್ಕಿ ಗ್ರಾಮ ತಲುಪಿತು. ಅಲ್ಲಿ ರಸ್ತೆ ಅಡ್ಡಗಟ್ಟಿ ಹೊಡೆದರು. ಬಿಡಿಸಲು ಬಂದ ಪೊಲೀಸರಿಗೂ ಪೆಟ್ಟು ಬಿತ್ತು. ಸತ್ತವರು ಒಬ್ಬ ಯುವ ಸಾಫ್ಟ್‌ವೇರ್ ಇಂಜಿನಿಯರ್. ಹೈದರಾಬಾದಿನಲ್ಲಿರೋ ನಮಗೆ ಬೀದರ್ ದಾರಿ ಊರಿಗೆ ಹೋಗೋ ದಾರಿ. ಅದೇ ರಸ್ತೆ ಅದು.

ಹಾಗಾದರೆ ಒಳಗಿನವರ ಮಾತನ್ನು ನಂಬಲೇಬಾರದಾ? ಖಂಡಿತ ನಂಬಬೇಕು, ಪಿತೂರಿಗಳೂ ನಿಜವಾಗಿ ನಡೆಯುತ್ತವೆ. ವಾಟರ್‌ಗೇಟ್ ಬಯಲಾಗಲು ನೆರವಾದ ‘ಡೀಪ್ ಥ್ರೋಟ್’ ಎಫ್‌ಬಿಐನ ಅಧಿಕಾರಿ ಮಾರ್ಕ್ ಫೆಲ್ಟ್ ಅಂತ ಲೋಕಕ್ಕೆ ತಿಳಿದದ್ದು 2005ರಲ್ಲಿ. ಆದರೆ ಅವರು ಯಾರು ಅಂತ ವರದಿಗಾರರಿಗೆ ಮೊದಲಿಂದಲೂ ಗೊತ್ತಿತ್ತು, ಅವರ ಮಾತನ್ನು ಬೇರೆ ಕಡೆ ತಾಳೆ ನೋಡಿಯೇ ಪತ್ರಿಕೆ ಬರೆಯಿತು. 2013ರಲ್ಲಿ ಎಡ್ವರ್ಡ್ ಸ್ನೋಡೆನ್ ದಾಖಲೆಗಳನ್ನೇ ಕೊಟ್ಟು, ಕೆಲವೇ ದಿನದಲ್ಲಿ ತಮ್ಮ ಹೆಸರನ್ನೂ ಹೇಳಿದರು. ನಮ್ಮ ದೇಶದಲ್ಲಿ ಸತ್ಯೇಂದ್ರ ದುಬೆ ಹೆದ್ದಾರಿ ಕಾಮಗಾರಿಯ ಅಕ್ರಮದ ಬಗ್ಗೆ ಪ್ರಧಾನಿ ಕಚೇರಿಗೆ ಪತ್ರ ಬರೆದು, ಹೆಸರು ಗುಟ್ಟಾಗಿಡಿ ಅಂತ ಕೇಳಿದ್ದರು. ಗುಟ್ಟು ಉಳಿಯಲಿಲ್ಲ, 2003ರಲ್ಲಿ ಗಯಾದಲ್ಲಿ ಅವರ ಕೊಲೆಯಾಯಿತು. ಮೈಸೂರಿನಲ್ಲಿ ಇಂಜಿನಿಯರಿಂಗ್ ಓದಿದ ಮಂಜುನಾಥ್ ಷಣ್ಮುಗಂ ಉತ್ತರ ಪ್ರದೇಶದಲ್ಲಿ ಕಲಬೆರಕೆ ಪೆಟ್ರೋಲ್ ಬಂಕಿನ ವಿರುದ್ಧ ಕ್ರಮ ತಗೊಂಡರು. 2005ರಲ್ಲಿ ಅವರನ್ನೂ ಕೊಂದರು. ಇವರು ಯಾರೂ ಒಗಟು ಹಾಕಲಿಲ್ಲ. ಯಾವ ಕಾಮಗಾರಿ, ಯಾವ ಬಂಕು ಅಂತ ಬೊಟ್ಟು ಮಾಡಿ ತೋರಿಸಿದರು, ಬೇರೆಯವರು ಹೋಗಿ ಪರೀಕ್ಷಿಸಬಹುದಿತ್ತು. ಪ್ರಾಣಭಯ ಇರುವ ಮನುಷ್ಯ ಪದಬಂಧ ಬರೆಯುತ್ತಾ ಮೂರು ವರ್ಷ ಕೂರಲ್ಲ.

ಕೊನೆಗೆ ಒಂದು ಮನೆಯ ಮಾತು. ನಮ್ಮ ಮಾವನವರೋ, ಚಿಕ್ಕಪ್ಪನೋ, ಕಾಲೇಜಿನ ಗೆಳೆಯನೋ ಇಂಥದ್ದರಲ್ಲಿ ಮುಳುಗಿರ್ತಾರೆ. ಫ್ಯಾಮಿಲಿ ಗ್ರೂಪಿನಲ್ಲಿ ಎಲ್ಲರ ಮುಂದೆ ‘ಇದು ಫೇಕ್’ ಅಂತ ಲಿಂಕ್ ಎಸೆದರೆ ಅವರು ಬದಲಾಗಲ್ಲ, ಗ್ರೂಪ್ ಬಿಡ್ತಾರೆ. ಅಮೆರಿಕದಲ್ಲಿ ಈ ನಂಬಿಕೆಯಿಂದ ಎಷ್ಟೋ ಮನೆಗಳಲ್ಲಿ ಮಾತೇ ನಿಂತುಹೋಗಿದೆ. ಫೋನ್ ಮಾಡಿ. ಊಟ ಆಯ್ತಾ ಅಂತ ಕೇಳಿ, ಆಮೇಲೆ ಒಂದೇ ಪ್ರಶ್ನೆ ಕೇಳಿ: ‘ಮಾವ, ಇದು ನಿಜ ಅಂತಲೇ ಇಟ್ಕೊಳ್ಳೋಣ. ಏನು ಕಂಡರೆ ಇದು ಸುಳ್ಳು ಅಂತ ನೀವು ಒಪ್ತೀರಿ?’ ಅದನ್ನು ಒಂದು ಚೀಟಿಯಲ್ಲಿ, ತಾರೀಖು ಹಾಕಿ ಬರೆದಿಡೋಣ ಅನ್ನಿ. ಅವರಿಗೆ ಒಗಟು ಬಿಡಿಸೋ ಖುಷಿ ಬೇಕು, ಅದನ್ನು ಕಿತ್ತುಕೊಳ್ಳಬೇಡಿ. ‘ಇಲ್ಲ’ ಅನ್ನುವ ಯಂತ್ರ ಮಾತ್ರ ಜೊತೆಗೆ ಕೊಡಿ. ಚೀಟಿಯ ತಾರೀಖು ದಾಟಿದಾಗ ‘ಗೆದ್ದೆ’ ಅಂತ ಹೋಗಬೇಡಿ, ಸುಮ್ಮನೆ ಮತ್ತೆ ಫೋನ್ ಮಾಡಿ.

ಇನ್ನೊಂದು, ಇದು ನಮಗೇ. ಕನ್ನಡದಲ್ಲಿ ‘ಅಂತೆ’ ಅನ್ನೋ ಪುಟ್ಟ ಮಾತಿದೆ. ‘ಬಂದರು’ ಬೇರೆ, ‘ಬಂದರಂತೆ’ ಬೇರೆ. ನಾನು ಕಂಡಿಲ್ಲ, ಕೇಳಿದೀನಿ ಅಂತ ಎರಡಕ್ಷರದಲ್ಲಿ ಒಪ್ಪಿಕೊಳ್ಳೋ ಪ್ರಾಮಾಣಿಕತೆ ಅದು. ಫಾರ್ವರ್ಡ್ ಆಗುವಾಗ ಮೊದಲು ಬಿದ್ದುಹೋಗೋದು ಈ ‘ಅಂತೆ’ಯೇ. ಮುಂದಿನ ಸಲ ಇಂಥ ಸುದ್ದಿ ಬಂದಾಗ ವಾಕ್ಯದ ಕೊನೆಗೆ ‘ಅಂತೆ’ ಸೇರಿಸಿ ಒಮ್ಮೆ ಗಟ್ಟಿಯಾಗಿ ಓದಿ. ಆಮೇಲೂ ಕಳಿಸಬೇಕು ಅನಿಸಿದರೆ ‘ಅಂತೆ’ ಸಮೇತವೇ ಕಳಿಸಿ.